ಸ್ಟಿಕರಿನ ಮೇಲೆ ಅತ್ತಿಗೆಯ ನಂಬರು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮುಚ್ಚಿಟ್ಟರೂ ಅತ್ತಿಗೆ ಸುಮ್ಮನಿರುವವರಲ್ಲ. ಮನೆಗೆ ಬಂದ ನೆಂಟರಿಗೆ ಕುಡಿಯಲು ನೀರು ಕೊಡುವ ಮೊದಲೇ ಈ ಕತೆ ಹೇಳಿ ಮುಗಿಸಿರುತ್ತಾರೆ.

ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು, ಕರಪತ್ರ ಇಂಥವು. ಗಿರಾಕಿಯ ಫೋನ್ ನಂಬರು ಇನ್ನೂ ಗೊತ್ತಿಲ್ಲದಿದ್ದರೆ ಅಚ್ಚಿಗೆ ಮುಂಚೆ ತೋರಿಸುವ ಪ್ರೂಫಿನಲ್ಲಿ ಸೊನ್ನೆ ಹಾಕಬಾರದು ಎಂಬುದು ನಾನೇ ಮಾಡಿಕೊಂಡ ನಿಯಮ. ಹಿಂದೊಮ್ಮೆ ಒಬ್ಬ ಡಾಕ್ಟರ ಐನೂರು ಕಾರ್ಡುಗಳು ಹತ್ತು ಸೊನ್ನೆಗಳ ಸಮೇತ ಅಚ್ಚಾಗಿ ಹೋಗಿದ್ದವು. ನನಗೆ ಜ್ವರ ಬಂದರೆ ಆ ಡಾಕ್ಟರು ಇವತ್ತಿಗೂ ನೋಡುವುದಿಲ್ಲ. ಅಂದಿನಿಂದ ಪ್ರೂಫಿಗೆ ಯಾವುದಾದರೂ ನಿಜವಾದ ನಂಬರನ್ನೇ ಹಾಕುತ್ತಿದ್ದೆ. ನನಗೆ ಬಾಯಿಪಾಠ ಬರುತ್ತಿದ್ದ ನಂಬರು ಒಂದೇ, ಅಣ್ಣನ ಹೆಂಡತಿಯದು. ನನ್ನ ನಂಬರಿಗೆ ನಾನೇ ಯಾಕೆ ಫೋನ್ ಮಾಡಲಿ, ಅದು ನನಗೆ ನೆನಪಿರಲಿಲ್ಲ.

ಆಗ ಪ್ರೆಸ್ಸಿನ ಮೇಲಿನ ಕೋಣೆಯನ್ನು ಒಬ್ಬ ತೆಳ್ಳಗಿನ ಯುವಕ ಬಾಡಿಗೆಗೆ ಹಿಡಿದಿದ್ದ. ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕ. ನಾವೆಲ್ಲ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದೆವು. ಕೈಯಲ್ಲಿ ನೋಟಿಲ್ಲದೆ ಫೋನಿನಿಂದಲೇ ಅಂಗಡಿಗೆ ದುಡ್ಡು ಕೊಡುವ ಕಂಪನಿ ಕಟ್ಟುತ್ತೇನೆ ಎನ್ನುತ್ತಿದ್ದ. ಕೋಣೆಯಲ್ಲಿ ಎರಡು ಕಂಪ್ಯೂಟರು, ಮೂರು ಕುರ್ಚಿ, ನಾಲ್ಕು ಜನ. ಒಬ್ಬರು ಯಾವಾಗಲೂ ನಿಂತೇ ಇರುತ್ತಿದ್ದರು. ಆಕಾಶಕ್ಕೆ ಏಣಿ ಹಾಕುತ್ತಿದ್ದಾನೆ ಪಾಪ ಎಂದು ನಾನು ಬಾಡಿಗೆಯನ್ನು ಮಾತ್ರ ಮುಂಗಡವಾಗಿ ತೆಗೆದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಅವನು ಮೆಟ್ಟಿಲು ಹಾರಿಕೊಂಡು ಇಳಿದು ಬಂದ. ಅಂಗಡಿಗಳಲ್ಲಿ ಅಂಟಿಸಲು ಸ್ಟಿಕರ್ ಬೇಕು, ನಾಡಿದ್ದರೊಳಗೆ ಹತ್ತು ಸಾವಿರ. ನಡುವೆ ಸ್ಕ್ಯಾನ್ ಮಾಡುವ ಚೌಕ, ಕೆಳಗೆ 'ತೊಂದರೆ ಇದ್ದರೆ ಈ ನಂಬರಿಗೆ ಕರೆ ಮಾಡಿ' ಎಂಬ ಸಾಲು.

"ಯಾವ ನಂಬರು?" ಎಂದೆ.

"ಅದು ನಾಳೆ ಬರತ್ತೆ ಸಾರ್. ಈಗ ಏನಾದ್ರೂ ಹಾಕಿ ಪ್ರೂಫ್ ತೋರಿಸಿ."

ಹಾಕಿದೆ. ಅವರು ನಾಲ್ಕೂ ಜನ ಆ ಪ್ರೂಫನ್ನು ಬೆಳಕಿಗೆ ಹಿಡಿದು ನೋಡಿದರು. ನೀಲಿ ಇನ್ನೂ ಸ್ವಲ್ಪ ಗಾಢವಾಗಬೇಕು ಎಂದರು. ಗಾಢ ಮಾಡಿದೆ. ಚೌಕ ಎಡಕ್ಕೆ ಜರುಗಿದೆ ಎಂದರು. ಕೂದಲೆಳೆಯಷ್ಟು ಬಲಕ್ಕೆ ತಂದೆ. ಮರುದಿನ ಕನ್ನಡಕ 'ಸರಿಯಿದೆ' ಎಂದು ಸಹಿ ಮಾಡಿದ. ನಂಬರಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ಮನೆಯ ನಂಬರು ನೋಡಿ ನೋಡಿ ಕಣ್ಣಿಗೆ ಒಗ್ಗಿಹೋಗಿತ್ತು. ಹತ್ತು ಸಾವಿರ ಸ್ಟಿಕರುಗಳು ಅಚ್ಚಾಗಿ, ಒಣಗಿ, ಎರಡು ಸ್ಕೂಟರುಗಳ ಮೇಲೆ ಹೊರಟು, ವಾರದೊಳಗೆ ಸಿಕ್ಕ ಸಿಕ್ಕ ಅಂಗಡಿಯ ಗಾಜಿಗೆ ಅಂಟಿಕೊಂಡವು.

ಅತ್ತಿಗೆ ಮನೆಯಲ್ಲೇ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮಂಚದ ಮೇಲೆ ಕತ್ತರಿಸಿಟ್ಟ ತೋಳು, ಕಾಲರು, ಬಾಯಲ್ಲಿ ನಾಲ್ಕೈದು ಗುಂಡುಸೂಜಿ. ಮೊದಲ ಫೋನು ಬಂದಾಗಲೂ ಸೂಜಿ ಬಾಯಲ್ಲೇ ಇತ್ತಂತೆ. ಒಬ್ಬ ಬೇಕರಿಯವನು ಹಲೋ ಅನ್ನುವಷ್ಟೂ ಪುರುಸೊತ್ತು ಕೊಡದೆ ಶುರು ಮಾಡಿದ. ಗಿರಾಕಿ ದುಡ್ಡು ಕಳಿಸಿದ್ದೇನೆ ಎನ್ನುತ್ತಾನೆ, ತನಗೆ ಬಂದಿಲ್ಲ, ನೀವೆಲ್ಲ ಕಳ್ಳರು. ಅತ್ತಿಗೆ "ಹ್ಞೂಂ" ಎಂದರು. ಸೂಜಿ ಇಟ್ಟುಕೊಂಡು ಅದಕ್ಕಿಂತ ಹೆಚ್ಚು ಹೇಳಲು ಆಗುವುದಿಲ್ಲ. ಅವನು ಮತ್ತೂ ಕೂಗಾಡಿದ. "ಹ್ಞೂಂ." ಕೂಗಾಡುತ್ತಲೇ ಅವನು ಫೋನಿನಲ್ಲಿ ಹುಡುಕಿದ, ಬಂದ ಸಂದೇಶ ಬೇರೊಂದರ ಅಡಿಯಲ್ಲಿ ಸಿಕ್ಕಿತು, ಕೊನೆಗೆ ಅವನೇ ನಾಚಿಕೊಂಡು, "ತುಂಬಾ ಉಪಕಾರ ಆಯ್ತಮ್ಮಾ" ಎಂದು ಫೋನಿಟ್ಟ. ಗಿರಾಕಿ ಸೇವೆಯಲ್ಲಿ ಅತ್ತಿಗೆಯ ಮೊದಲ ಪಾಠ ಇದು: ಅರ್ಧ ಜನರಿಗೆ ಬೇಕಾಗಿರುವುದು ತಮ್ಮ ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕದ ಒಂದು ಕಿವಿ.

ಮರುದಿನದ ಹೊತ್ತಿಗೆ ನಲವತ್ತು ಫೋನು ಬಂದಿದ್ದವು. ಅತ್ತಿಗೆ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೆಯೇ ಪ್ರೆಸ್ಸಿಗೆ ಬಂದರು.

"ಏನಪ್ಪಾ ಮೈದುನಾ, ನನ್ನ ನಂಬರನ್ನ ಎಷ್ಟಕ್ಕೆ ಮಾರಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಗೋಡೆಗೆ ಅಂಟಿಸಿದ್ದ ಪ್ರೂಫ್ ನೋಡಿದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕನ್ನಡಕವನ್ನು ಕೆಳಗೆ ಕರೆಸಿದೆ. ಅವನು ತಲೆಯ ಮೇಲೆ ಕೈ ಹೊತ್ತು ಕೂತವನು ಮೆಲ್ಲಗೆ ತಲೆ ಎತ್ತಿ ಕೇಳಿದ:

"ಅಕ್ಕಾ, ಫೋನ್ ಮಾಡಿದವರಿಗೆ ನೀವು ಏನ್ ಹೇಳಿದ್ರಿ?"

"ಗೊತ್ತಿದ್ದದ್ದು ಹೇಳ್ದೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದೆ, ಕೇಳಿ ಹೇಳ್ತೀನಿ ಅಂದೆ. ಇನ್ನೇನು ಹೇಳ್ಬೇಕಿತ್ತು?"

ಸ್ಟಿಕರನ್ನು ಮತ್ತೆ ಅಚ್ಚು ಹಾಕಿಸುವ ಖರ್ಚಿಗಿಂತ ಅತ್ತಿಗೆಗೆ ಸಂಬಳ ಕೊಡುವುದು ಅಗ್ಗ ಎಂದು ಅವನ ತಲೆಗೆ ಆಗಲೇ ಹೊಳೆದಿತ್ತು. ಬುದ್ಧಿವಂತ ನೋಡಿ. ಅತ್ತಿಗೆ ಒಪ್ಪಿದರು. ಅಣ್ಣನನ್ನು ಕೇಳಿದ್ದಕ್ಕೆ "ನಿನ್ನಿಷ್ಟ" ಎಂದ. ಮದುವೆಯಾದಾಗಿನಿಂದ ಅವನು ಹೇಳಿದ ಮಾತು ಅದೊಂದೇ ಇರಬೇಕು.

ಹೀಗೆ ಒಂದು ಕಂಪನಿಯ ಗಿರಾಕಿ ಸೇವಾ ವಿಭಾಗ ನಮ್ಮ ಮನೆಯ ಕಿಟಕಿಯ ಬಳಿ ಶುರುವಾಯಿತು. ಕಂಪನಿಯವರು ಒಂದು ಕಂಪ್ಯೂಟರು ತಂದಿಟ್ಟರು. ಯಾರ ದುಡ್ಡು ಎಲ್ಲಿಂದ ಹೊರಟು ಎಲ್ಲಿ ನಿಂತಿದೆ ಎಂಬುದು ಅದರಲ್ಲಿ ಕಾಣುತ್ತಿತ್ತು. ಅತ್ತಿಗೆ ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ಹೊಲಿಗೆಯ ಮೇಲೆ ಇಟ್ಟು ಮಾತಾಡುತ್ತಿದ್ದರು. "ನಿಮ್ಮ ದುಡ್ಡು ಎಲ್ಲೂ ಹೋಗಿಲ್ಲ ಕಣಪ್ಪಾ, ದಾರೀಲಿ ಕೂತಿದೆ. ಸಂಜೆ ಒಳಗೆ ಬಂದಿಲ್ಲ ಅಂದ್ರೆ ನಾನೇ ಫೋನ್ ಮಾಡ್ತೀನಿ." ಮಾಡುತ್ತಿದ್ದರು ಕೂಡ. ನನಗೆ ಆಶ್ಚರ್ಯವಾಗುತ್ತಿದ್ದದ್ದು ಅದೇ. ಸ್ಟಿಕರಿನ ನಂಬರಿಗೆ ಫೋನ್ ಮಾಡಿದರೆ ಅಮ್ಮ ಎತ್ತುತ್ತಾರೆ ಎಂಬುದು ಅಂಗಡಿಯಿಂದ ಅಂಗಡಿಗೆ ಹಬ್ಬಿತು. ಅತ್ತಿಗೆಗೂ ಆ ಹೆಸರಿನ ಮೇಲೆ ಅಭಿಮಾನ ಬಂತು. ಸ್ನಾನಕ್ಕೆ ಹೋಗುವಾಗ ಫೋನು ಅಣ್ಣನ ಕೈಗೆ ಕೊಟ್ಟು, "ಬಂದ್ರೆ ಎತ್ತಿ, ಬಿಡಬೇಡಿ, ಕಾಯೋರಿಗೆ ಹೊಟ್ಟೆ ಉರಿಯುತ್ತೆ ರೀ" ಎನ್ನುತ್ತಿದ್ದರು. ಅಣ್ಣ ಎತ್ತಿ "ಸ್ನಾನ" ಎಂದು ಇಟ್ಟುಬಿಡುತ್ತಿದ್ದ.

ತಪ್ಪದೆ ಫೋನ್ ಮಾಡುತ್ತಿದ್ದವರಲ್ಲಿ ಬೀಗದಜ್ಜ ಒಬ್ಬರು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಕೂತು ಬೀಗ ರಿಪೇರಿ, ನಕಲಿ ಕೀಲಿ ಮಾಡುವ ಮುದುಕ. ಓದಲು ಬಾರದು, ಅಂಕಿಯೂ ಗೊತ್ತಿಲ್ಲ, ಫೋನಿನ ಪರದೆ ಅವರ ಪಾಲಿಗೆ ಬರೀ ಬೆಳಕು. ಒಂದೇ ಗುಂಡಿ ಒತ್ತಿದರೆ ಅತ್ತಿಗೆಗೆ ಹೋಗುವಂತೆ ಯಾರೋ ಮಾಡಿಕೊಟ್ಟಿದ್ದರು. ದಿನಾ ಐದು ಗಂಟೆಗೆ ಅಂಗಡಿ ಎತ್ತುವ ಮುಂಚೆ ಫೋನ್ ಮಾಡಿ, ಇವತ್ತು ಬರಬೇಕಾದದ್ದು ಬಂದಿದೆಯಾ ಎಂದು ಅತ್ತಿಗೆಯಿಂದ ಓದಿಸಿಕೊಳ್ಳುತ್ತಿದ್ದರು. ಅದು ಎರಡು ನಿಮಿಷದ ಕೆಲಸ. ಉಳಿದ ಒಂಬತ್ತು ನಿಮಿಷ, ಅವತ್ತು ಯಾರ ಮನೆಯ ಬೀಗ ತೆಗೆದೆ, ಯಾರು ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡರು, ಯಾವ ಗಂಡ ಹೆಂಡತಿ ಅದಕ್ಕೆ ರಸ್ತೆಯಲ್ಲೇ ಜಗಳಾಡಿದರು, ಇದು. ಅತ್ತಿಗೆ ನಗುತ್ತಾ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದರು.

ನೋಡನೋಡುತ್ತಿದ್ದಂತೆ ಕಂಪನಿ ಬೆಳೆಯಿತು. ನನ್ನ ಮೇಲಿನ ಕೋಣೆ ಬಿಟ್ಟು ಎರಡು ಮಹಡಿಗೆ ಹೋಯಿತು, ಅಲ್ಲಿಂದ ಗಾಜಿನ ಕಟ್ಟಡಕ್ಕೆ ಹೋಯಿತು. ಹತ್ತು ಸಾವಿರ ಅಂಗಡಿ ಹತ್ತು ಲಕ್ಷವಾಯಿತು. ಕನ್ನಡಕನ ಕನ್ನಡಕವೂ ತೆಳ್ಳಗಾಯಿತು, ದುಬಾರಿ ಗಾಜು. ಆದರೆ ಫೋನು ಎತ್ತುವ ಕೈಗಳು ಅದೇ ವೇಗದಲ್ಲಿ ಹೆಚ್ಚಲಿಲ್ಲ. ದುಡ್ಡು ಸಿಕ್ಕಿಕೊಂಡವರು ಕಂಪನಿಯ ಹೊಸ ನಂಬರಿಗೆ ಫೋನ್ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಬೇಕಿತ್ತು. ಆಮೇಲೆ ಒಂದನ್ನು ಒತ್ತಿ, ಎರಡನ್ನು ಒತ್ತಿ. ಎಲ್ಲವನ್ನೂ ಒತ್ತಿ ಮುಗಿಸಿದರೆ ಲೈನು ಕಟ್ಟು. ಕಾಗದದಲ್ಲಿ ಬರೆದುಕೊಟ್ಟ ದೂರುಗಳು ಒಂದು ಕೋಣೆ ತುಂಬಿ, ಆ ಕೋಣೆಯ ಬಾಗಿಲು ತೆರೆಯಲಾಗುತ್ತಿಲ್ಲ ಎಂದು ಬೀಗದಜ್ಜನನ್ನೇ ಕರೆಸಬೇಕಾಯಿತು ಎಂದು ಅತ್ತಿಗೆ ಹೇಳುತ್ತಿದ್ದರು. ಅದರಲ್ಲಿ ಎಷ್ಟು ನಿಜವೋ ನಾನು ವಿಚಾರಿಸಲಿಲ್ಲ.

ಅತ್ತಿಗೆಗೂ ಗಾಜಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಂದು ಕುರ್ಚಿ ಸಿಕ್ಕಿತು. ಹೊಲಿಗೆ ಯಂತ್ರಕ್ಕೆ ಪ್ರವೇಶ ಸಿಗಲಿಲ್ಲ. ಆಗ ಸೇವಾ ವಿಭಾಗಕ್ಕೆ ಒಬ್ಬ ಹೊಸ ಮುಖ್ಯಸ್ಥ ಬಂದ. ಉರಿಬಿಸಿಲಲ್ಲೂ ಕೋಟು ಬಿಚ್ಚುತ್ತಿರಲಿಲ್ಲವಾದ್ದರಿಂದ ಅವನಿಗೆ ಕೋಟು ಎಂದೇ ಹೆಸರು. ಕೆಟ್ಟವನೇನಲ್ಲ. ಲೆಕ್ಕದವನು. ಒಂದು ಫೋನಿಗೆ ನಾಲ್ಕು ನಿಮಿಷ ಎಂಬುದು ಅವನ ಲೆಕ್ಕ, ಅತ್ತಿಗೆಯದು ಹನ್ನೊಂದು. ಅವನು ಬೈಯಲು ಎಂದು ಅತ್ತಿಗೆಯ ಕಡತ ತೆಗೆದನಂತೆ. ನೋಡಿದರೆ ಇಡೀ ಕಂಪನಿಯಲ್ಲಿ ಗಿರಾಕಿಗಳು ಹೊಗಳಿದ್ದು ಆ ಹಳೆಯ ಸ್ಟಿಕರಿನ ನಂಬರೊಂದನ್ನೇ.

"ಮೇಡಂ, ಜನ ನಂಬೋದು ನಿಮ್ಮ ದನೀನ. ನೀವು ದಿನಕ್ಕೆ ಎಷ್ಟು ಜನರ ಹತ್ರ ಮಾತಾಡ್ತೀರಿ? ಐವತ್ತು? ನಿಮ್ಮ ದನೀನ ಮಶೀನಿಗೆ ಹಾಕಿದ್ರೆ ಐವತ್ತು ಸಾವಿರ ಜನರ ಹತ್ರ ಮಾತಾಡ್ಬಹುದು. ನಿಮ್ಮ ನಂಬರನ್ನೂ ಮಶೀನಿಗೇ ಕೊಡೋಣ. ನೀವು ಆರಾಮಾಗಿ ಸಲಹೆಗಾರರಾಗಿರಿ, ಸಂಬಳ ಒಂದೂವರೆ ಪಟ್ಟು."

"ಮನುಷ್ಯರೇ ಬೇಕು ಅಂದೋರಿಗೆ?"

"ಎರಡು ನಿಮಿಷದಲ್ಲಿ ಸಿಗ್ತಾರೆ ಮೇಡಂ, ಖಂಡಿತ."

ಅತ್ತಿಗೆ ಮನೆಗೆ ಬಂದು ಎರಡು ದಿನ ಯೋಚಿಸಿದರು. ಫೋನು ಎತ್ತುವ ಅಮ್ಮ ಎಂಬ ಹೆಸರು ಕೈಬಿಟ್ಟುಹೋದರೆ ತಮ್ಮದು ಅಂತ ಏನು ಉಳಿಯುತ್ತದೆ ಎಂಬುದು ಅವರ ಚಿಂತೆ. ಅದನ್ನು ನಮ್ಮ ಮುಂದೆ ಹೇಳಿಯೂ ಹೇಳಿದರು. "ಒಪ್ಕೊಳ್ಳಿ ಅತ್ತಿಗೆ, ಕೂತಲ್ಲಿಗೆ ಸಂಬಳ ಬರೋದನ್ನ ಯಾರಾದ್ರೂ ಬಿಡ್ತಾರಾ" ಎಂದವನು ನಾನು. ಅಣ್ಣ "ನಿನ್ನಿಷ್ಟ" ಎಂದ. ಕೊನೆಗೆ ಅತ್ತಿಗೆ ದರ್ಜಿಯ ಷರತ್ತು ಹಾಕಿದರು: ಫಿಟಿಂಗ್ ನೋಡದೆ ಬಟ್ಟೆ ಒಪ್ಪಿಸುವುದಿಲ್ಲ. ಒಂದು ತಿಂಗಳು ಮಾತ್ರ ದನಿ ಕೊಡುತ್ತೇನೆ. ತಿಂಗಳ ಕೊನೆಗೆ ಮತ್ತೆ ಸಹಿ ಹಾಕಿದರೆ ಮಾತ್ರ ಅದು ಮುಂದುವರಿಯುತ್ತದೆ. ಕೋಟು ನಕ್ಕು ಹಾಗೇ ಬರೆಸಿಕೊಟ್ಟ.

ರೆಕಾರ್ಡಿಂಗಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಗೋಡೆಗೆಲ್ಲ ಸ್ಪಂಜು ಮೆತ್ತಿದ ಗೂಡಿನಂಥ ಕೋಣೆ. ಎಂಬತ್ತನಾಲ್ಕು ವಾಕ್ಯಗಳು. 'ನಮಸ್ಕಾರ, ಹೇಳಿ.' 'ದಯವಿಟ್ಟು ಕಾಯಿರಿ.' 'ಕ್ಷಮಿಸಿ, ನೀವು ಹೇಳಿದ್ದು ಅರ್ಥವಾಗಲಿಲ್ಲ.' 'ನಿಮ್ಮ ಕರೆ ನಮಗೆ ಬಹಳ ಮುಖ್ಯ' ಎಂಬಲ್ಲಿಗೆ ಬಂದಾಗ ಅತ್ತಿಗೆ ಗಾಜಿನಾಚೆ ಕೂತಿದ್ದವನನ್ನು ಕೇಳಿದರು, "ಅಷ್ಟು ಮುಖ್ಯ ಆಗಿದ್ರೆ ಕಾಯಿಸೋದ್ಯಾಕಪ್ಪಾ?" ಅವನಿಗೆ ನಗು ತಡೆಯಲಾಗದೆ ಆ ವಾಕ್ಯವನ್ನು ಆರು ಸಲ ಹೇಳಿಸಬೇಕಾಯಿತು.

ಆಮೇಲೆ ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಅತ್ತಿಗೆಗೆ ಹೊಸ ನಂಬರು ಬಂತು, ಅದಕ್ಕೆ ಫೋನ್ ಮಾಡುವವರು ನಾವೇ ಮೂರು ಮತ್ತೊಬ್ಬರು. ಆಫೀಸಿನಲ್ಲಿ ಸಲಹೆ ಕೇಳಲು ಯಾರೂ ಬರಲಿಲ್ಲ. ಮನೆಯ ಕಿಟಕಿಗಳಿಗೆಲ್ಲ ಪರದೆ ಹೊಲಿದರು. ಕಿಟಕಿ ಮುಗಿದ ಮೇಲೆ ನನ್ನ ಪ್ರೆಸ್ಸಿನ ಯಂತ್ರಗಳಿಗೂ ಮುಸುಕು ಹೊಲಿದರು.

ಮೂರು ವಾರ ಕಳೆಯುವಷ್ಟರಲ್ಲಿ ಬೀದಿಯ ಮುಖ ಬದಲಾಗಿತ್ತು. ಬೇಕರಿಯವನು ಅತ್ತಿಗೆಯನ್ನು ಕಂಡರೆ ಮುಖ ತಿರುಗಿಸಿ ಬ್ರೆಡ್ಡು ಜೋಡಿಸತೊಡಗುತ್ತಿದ್ದ. ತರಕಾರಿ ಹೆಂಗಸು ತೂಕ ಹಾಕುತ್ತಾ, "ದೊಡ್ಡೋರಾಗ್ಬಿಟ್ರಿ ಬಿಡಿ, ನಮ್ಮಂಥೋರ ಮಾತು ಎಲ್ಲಿ ಅರ್ಥ ಆಗ್ಬೇಕು" ಎಂದಳು. ಅತ್ತಿಗೆಗೆ ತಲೆಬುಡ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ, ಆದರೆ ನಾನು ತಿಳಿದವನ ಹಾಗೆ ಹೊಟ್ಟೆಕಿಚ್ಚು ಎಂದೆ.

ಇಪ್ಪತ್ಮೂರನೆಯ ದಿನ ಬೀರುವಿಗೊಂದು ನಕಲಿ ಕೀಲಿ ಮಾಡಿಸಲು ನಾವಿಬ್ಬರೂ ಬೀಗದಜ್ಜನ ಬಳಿ ಹೋದೆವು. ಅತ್ತಿಗೆಯ ದನಿ ಕೇಳಿದ್ದೇ ಅಜ್ಜ ಕೀಲಿ ಉಜ್ಜುವ ಅರವನ್ನು ಕೆಳಗಿಟ್ಟು ಎದ್ದು ನಿಂತರು. 

"ತಾಯೀ, ನಾನೇನು ತಪ್ಪು ಮಾತಾಡ್ದೆ?"

"ಯಾಕಜ್ಜಾ?"

"ದಿನಾ ಐದು ಗಂಟೆಗೆ ಫೋನ್ ಮಾಡ್ತಾನೇ ಇದ್ದೀನಿ. ನಮಸ್ಕಾರ ಹೇಳಿ ಅಂತೀರಿ. ಹೇಳ್ತೀನಿ. ಅರ್ಥ ಆಗ್ಲಿಲ್ಲ ಅಂತೀರಿ. ಮತ್ತೆ ಹೇಳ್ತೀನಿ. ಮತ್ತೆ ಅರ್ಥ ಆಗ್ಲಿಲ್ಲ ಅಂತೀರಿ. ಹಲ್ಲು ಬಿದ್ದು ನನ್ನ ಮಾತು ತೊದಲುತ್ತೆ, ಪಾಪ ಅವರು ತಾನೇ ಏನ್ ಮಾಡ್ತಾರೆ ಅಂತ..." ಅಜ್ಜ ತುಟಿ ಅಗಲಿಸಿ ತೋರಿಸಿದರು. ಎರಡು ಸಾಲು ಬಿಳಿಯ ಹೊಸ ಹಲ್ಲುಗಳು ಆ ಮುಖಕ್ಕೆ ದೊಡ್ಡವಾಗಿ ಕೂತಿದ್ದವು. "ಹೋದ ವಾರ ಕಟ್ಟಿಸ್ಕೊಂಡೆ. ಈಗ್ಲೂ ನಿಮಗೆ ಅರ್ಥ ಆಗ್ತಿಲ್ವಲ್ಲ ತಾಯಿ."

ಅತ್ತಿಗೆ ಮೆಟ್ಟಿಲ ಮೇಲೆ ಕುಸಿದು ಕೂತರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. 

"ಅದು ನಾನಲ್ಲ ಅಜ್ಜಾ. ಮಶೀನು."

"ಮಶೀನು ನಿಮ್ಮ ದನೀಲಿ ಯಾಕೆ ಮಾತಾಡುತ್ತೆ?"

ಅತ್ತಿಗೆ ತಲೆ ತಗ್ಗಿಸಿ, "ನಾನೇ ಕೊಟ್ಟೆ ಅಜ್ಜಾ" ಎಂದರು.

ಅಲ್ಲಿಂದ ನೇರವಾಗಿ ಗಾಜಿನ ಕಟ್ಟಡಕ್ಕೆ. ನಾನು ಆಟೋ ಹುಡುಕುವಷ್ಟರಲ್ಲಿ ಅತ್ತಿಗೆ ಅರ್ಧ ದಾರಿ ನಡೆದಿದ್ದರು. ಕನ್ನಡಕನ ಕೋಣೆಯಲ್ಲಿ ಕೋಟು ಗೋಡೆಯ ದೊಡ್ಡ ಪರದೆಯ ಮೇಲೆ ಬಣ್ಣದ ಗೆರೆಗಳನ್ನು ತೋರಿಸುತ್ತಿದ್ದ. ದೂರುಗಳು ಅರ್ಧಕ್ಕರ್ಧ ಇಳಿದಿವೆಯಂತೆ. ಅತ್ತಿಗೆ ಕೂರಲೂ ಇಲ್ಲ.

"ಬೀಗದಜ್ಜನ ದೂರು ಎಲ್ಲಿದೆ ತೋರಿಸಿ."

ಹುಡುಕಿದರು. ಇಪ್ಪತ್ತೆರಡು ಕರೆಗಳು. ಇಪ್ಪತ್ತೆರಡರ ಮುಂದೆಯೂ 'ಪರಿಹಾರವಾಗಿದೆ'. ಕರೆ ಮಾಡಿದವರು ತಾವೇ ಫೋನಿಟ್ಟರೆ ಸಮಾಧಾನವಾಯಿತು ಎಂದು ಮಶೀನು ಬರೆದುಕೊಳ್ಳುತ್ತಿತ್ತು. ಎರಡು ನಿಮಿಷದಲ್ಲಿ ಸಿಗಬೇಕಾಗಿದ್ದ ಮನುಷ್ಯರು ಸಿಗುತ್ತಿದ್ದದ್ದು ಒಂಬತ್ತನ್ನು ಒತ್ತಿದರೆ ಮಾತ್ರ. ಅಜ್ಜನಿಗೆ ಒಂಬತ್ತು ಯಾವುದೆಂದು ಗೊತ್ತಿರಲಿಲ್ಲ.

"ಹಾಕಿ, ಕೇಳೋಣ" ಎಂದರು ಅತ್ತಿಗೆ.

ಕರೆಗಳು ದಾಖಲಾಗಿದ್ದವು. 'ನಮಸ್ಕಾರ, ಹೇಳಿ' ಎಂದಿತು ಅತ್ತಿಗೆಯ ದನಿ. "ತಾಯೀ, ಇವತ್ತು ಮೂರು ಕೀಲಿ ಮಾಡ್ದೆ, ದುಡ್ಡು ಬಂತಾ ನೋಡಿ." 'ಕ್ಷಮಿಸಿ, ನೀವು ಹೇಳಿದ್ದು ಅರ್ಥವಾಗಲಿಲ್ಲ.' ಮರುದಿನದ್ದು ಹಾಕಿದರು, ಅದರ ಮರುದಿನದ್ದು. ದಿನದಿಂದ ದಿನಕ್ಕೆ ಅಜ್ಜ ನಿಧಾನವಾಗಿ, ಇನ್ನೂ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರು. ಹದಿನಾರನೆಯ ದಿನ, "ತಾಯೀ, ಹೊಸ ಹಲ್ಲು, ಈಗ ಕೇಳ್ಸುತ್ತಾ?" 'ಕ್ಷಮಿಸಿ' ಎಂದಿತು ಅತ್ತಿಗೆಯ ದನಿ, ಬಹಳ ಪ್ರೀತಿಯಿಂದ.

ಕನ್ನಡಕ ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕೋಟು ಗೋಡೆಯ ಪರದೆಯನ್ನು ಆರಿಸಿದ.

"ಫಿಟಿಂಗ್ ಸರಿ ಇಲ್ಲ. ನನ್ನ ದನಿ ಬಿಚ್ಚಿಕೊಡಿ, ನನ್ನ ನಂಬರೂ ಕೊಡಿ" ಎಂದರು ಅತ್ತಿಗೆ. "ಸಂಬಳ ಮೊದಲಿನಷ್ಟೇ ಇರಲಿ. ಸಹಿ ಹಾಕಲ್ಲ."

ಕೋಟು ಏನೋ ಹೇಳಲು ಹೊರಟ. ಕನ್ನಡಕ ಕೈ ಅಡ್ಡ ಹಿಡಿದ. "ಕೊಡ್ತೀವಿ ಅಕ್ಕಾ. ನಿಮ್ಮ ಜೊತೆ ಇನ್ನೂ ಇಪ್ಪತ್ತು ಜನರನ್ನ ಕೂರಿಸ್ತೀನಿ. ಫೋನ್ ಎತ್ತೋದು ಹೇಗೆ ಅಂತ ನೀವೇ ಕಲಿಸಿ." ಹತ್ತು ಲಕ್ಷ ಅಂಗಡಿಗೆ ಇಪ್ಪತ್ತು ಜನ ಯಾವ ಮೂಲೆಗೂ ಸಾಲುವುದಿಲ್ಲ. ಆದರೂ ಅವನು ಹೇಳಿದಂತೆ ಮಾಡಿದ, ಅಷ್ಟು ಮಾತ್ರ ಒಪ್ಪಬೇಕು.

ನಾಲ್ಕು ದಿನದ ಮೇಲೆ ನಂಬರು ಮರಳಿ ಬಂತು. ಮನೆಯಿಂದಲೇ ಕೆಲಸ ಎಂದು ಅತ್ತಿಗೆ ಕಿಟಕಿಯ ಬಳಿ ಕೂತಿದ್ದರು. ಐದು ಗಂಟೆಗೆ ಫೋನು ಬಡಿದುಕೊಂಡಿತು. ಅತ್ತಿಗೆ ಮೊದಲ ಬಡಿತಕ್ಕೇ ಎತ್ತಿ ಎಲ್ಲರಿಗೂ ಕೇಳುವಂತೆ ಇಟ್ಟರು.

"ಹೇಳಿ ಅಜ್ಜಾ."

  ರಸ್ತೆಯ ಸದ್ದಿನ ನಡುವೆ ಆ ಕಡೆಯಿಂದ ಅಳುಕುತ್ತಾ ಒಂದು ಪ್ರಶ್ನೆ ಬಂತು.

"ನೀವಾ, ಮಶೀನಾ?"

"ನಾನೇ ಅಜ್ಜಾ."

"ಮಶೀನೂ 'ನಾನೇ' ಅಂತ ಹೇಳ್ಬಹುದಲ್ಲ ತಾಯಿ."

ನಾನು ನಗಲು ಹೊರಟವನು ಅತ್ತಿಗೆಯ ಮುಖ ನೋಡಿ ಸುಮ್ಮನಾದೆ. ಅವರು ಒಂದು ಕ್ಷಣ ತುಟಿ ಕಚ್ಚಿಕೊಂಡು, ಆಮೇಲೆ ಶುರು ಮಾಡಿದರು. ಹಲ್ಲಿಗೆ ಅಷ್ಟು ದುಡ್ಡು ಸುರಿಯುವ ಮುಂಚೆ ಮನೆ ಹುಡುಕಿಕೊಂಡು ಬಂದು ಕೇಳಬಾರದಿತ್ತಾ, ಕಾಲು ಇರಲಿಲ್ವಾ, ವಯಸ್ಸಾದ ಮೇಲೆ ಬುದ್ಧಿ ಬರುತ್ತೆ ಅಂತಾರೆ ನಿಮಗೆ ಯಾವಾಗ ಬರೋದು ಎಂದು ಉಸಿರು ತೆಗೆದುಕೊಳ್ಳದೆ ಎರಡು ನಿಮಿಷ ಬೈದರು. 

"ಸರಿ ಸರಿ, ನೀವೇ" ಎಂದರು ಅಜ್ಜ, ಸಮಾಧಾನದಿಂದ. "ಇವತ್ತು ನಾಲ್ಕು ಕೀಲಿ ತಾಯಿ. ಬಂದಿದೆಯಾ ನೋಡಿ."

ಈಗಲೂ ಅತ್ತಿಗೆಗೆ ಫೋನ್ ಮಾಡುವವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ, ನೀವಾ ಮಶೀನಾ ಎಂದು. ಬೇಕರಿಯವನು ಕೇಳುತ್ತಾನೆ, ತರಕಾರಿ ಹೆಂಗಸು ಕೇಳುತ್ತಾಳೆ. ದಿನಕ್ಕೆ ಐವತ್ತು ಸಲ ಅತ್ತಿಗೆ ತಾನು ತಾನೇ ಎಂದು ರುಜುವಾತು ಮಾಡಬೇಕು. ಮೊನ್ನೆ ನನಗೇ ರೇಗಿತು. ಇದೇನು ಅತ್ತಿಗೆ, ಇಷ್ಟು ವರ್ಷ ಎತ್ತಿದ ಫೋನು ಇವರಿಗೆ ಲೆಕ್ಕಕ್ಕಿಲ್ಲವಾ, ಒಂದು ತಿಂಗಳಿಗೆ ಇಷ್ಟು ಅನುಮಾನವಾ ಎಂದೆ.

"ಕೇಳ್ಲಿ ಬಿಡೋ" ಎಂದರು ಅತ್ತಿಗೆ, ಸೂಜಿಗೆ ದಾರ ಪೋಣಿಸುತ್ತಾ. "ಅವರು ಕೇಳೋ ಹಾಗೆ ಮಾಡಿದ್ದು ನಾನೇ ತಾನೇ."